ಬರಿಗೈಯಲ್ಲಿ ಹೋಗಿ, ಪೆನ್ಸಿಲ್ ಹಿಡಿದು ಹೋಗಿ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರವಿದೆ. ಎರಡು ಮೀಟರಿಗೂ ಮಿಕ್ಕ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ. ಬೆಲೆಬಾಳುವ ಉಡುಪಿನ ಇಬ್ಬರು ಫ್ರೆಂಚರು, ನಡುವೆ ಭೂಗೋಳ, ಒಂದು ತಂತಿ ಕಡಿದ ವಾದ್ಯ. ಆದರೆ ಅವರ ಕಾಲಬುಡದಲ್ಲಿ ಓರೆಯಾಗಿ ಬಿದ್ದಿರುವ ಆ ಬೂದುಬಣ್ಣದ ಉದ್ದನೆಯ ಆಕಾರ ಏನದು? ಎದುರು ನಿಂತು ಎಷ್ಟು ದಿಟ್ಟಿಸಿದರೂ ತಿಳಿಯದು. ಬಲಕ್ಕೆ ಸರಿಯಿರಿ, ಇನ್ನೂ ಸರಿಯಿರಿ, ಗೋಡೆಯ ಹತ್ತಿರ ನಿಂತು ಓರೆಗಣ್ಣಲ್ಲಿ ನೋಡಿ. ಅಬ್ಬಾ, ತಲೆಬುರುಡೆ! ಇದ್ದಕ್ಕಿದ್ದಂತೆ ಎದ್ದು ಬಂದು ನಿಮ್ಮನ್ನೇ ನೋಡುತ್ತಿದೆ!

ಪುಸ್ತಕದ ಪುಟದಲ್ಲಿ ಈ ಪವಾಡ ಹೀಗೆ ನಡೆಯದು. ಚಿತ್ರದ ಮುಂದೆ ಕಾಲು ಸವೆಸಿದವರಿಗೇ ಅದು ಒಲಿಯುವುದು. ಕಲಾಶಾಲೆಗಳು ಗುಂಪುಗುಂಪಾಗಿ ವಿದ್ಯಾರ್ಥಿಗಳನ್ನು ಈ ಊರಿಗೆ ಕರೆತರುವುದು ಸುಮ್ಮನೆ ಅಲ್ಲ.

ಅದಕ್ಕೆ ಕಾಸೂ ಬೇಕಿಲ್ಲ! ಲಂಡನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಸಂಗ್ರಹಕ್ಕೆ 2001ರಿಂದ ಯಾರಿಗೂ ಪ್ರವೇಶ ಶುಲ್ಕವಿಲ್ಲ. ವಿಶೇಷ ಪ್ರದರ್ಶನಗಳಿಗಷ್ಟೇ ಟಿಕೆಟ್ಟು. ವಿದ್ಯಾರ್ಥಿಯೊಬ್ಬಳು ಒಂದೇ ಚಿತ್ರಕ್ಕಾಗಿ ಬರಬಹುದು, ಅದರೆದುರು ಗಂಟೆಗಟ್ಟಲೆ ಕೂತು ಸ್ಕೆಚ್ ಮಾಡಬಹುದು, ಮನಸ್ಸಿಗೆ ಬಾರದಿದ್ದರೆ ನಾಳೆ ಮತ್ತೆ ಬರಬಹುದು.

ಅಲ್ಲಿಂದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ (ವಿ ಅಂಡ್ ಎ) ಮ್ಯೂಸಿಯಮ್ಮಿಗೆ. 1873ರಲ್ಲಿ ತೆರೆದ ಅಲ್ಲಿನ ಪ್ರತಿಕೃತಿಗಳ ಸಭಾಂಗಣದಲ್ಲಿ ರೋಮಿನ ಟ್ರೇಜನ್ ಸ್ತಂಭದ ಗಾರೆಯ ಅಚ್ಚು ನಿಂತಿದೆ. ಛಾವಣಿಯನ್ನೂ ಮೀರುವ ಎತ್ತರವಾದ್ದರಿಂದ ಎರಡು ತುಂಡು ಮಾಡಿ ಅಕ್ಕಪಕ್ಕ ನಿಲ್ಲಿಸಿದ್ದಾರೆ! ಮೂಲದ ಕೆತ್ತನೆಯನ್ನು ರೋಮಿನ ಹೊಗೆ ತಿಂದಿದೆ. ಇಲ್ಲಿ ಅದರ ನವಿರು ಉಳಿದಿದೆ. ನಮ್ಮ ಟಿಪ್ಪುವಿನ ಹುಲಿಯೂ ಇದೇ ಮ್ಯೂಸಿಯಮ್ಮಿನ ಸ್ವತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಹೋದ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯ ಇಟ್ಟುಕೊಂಡ ಹುಲಿ! ಹಿಡಿಕೆ ತಿರುಗಿಸಿದರೆ ಅದು ಗುರುಗುಟ್ಟುತ್ತದೆ, ಕೆಳಗೆ ಬಿದ್ದ ಮನುಷ್ಯ ಕೈಯೆತ್ತಿ ನರಳುತ್ತಾನೆ.

ಆದರೆ ನನ್ನ ಉಸಿರು ಕಟ್ಟಿಸುವುದು ಬ್ರಿಟಿಷ್ ಮ್ಯೂಸಿಯಮ್ಮಿನ ರೇಖಾಚಿತ್ರ ವಿಭಾಗ. ಸುಮಾರು 50,000 ರೇಖಾಚಿತ್ರಗಳು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಚ್ಚುಚಿತ್ರಗಳು. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದರೆ ಅಧ್ಯಯನ ಕೊಠಡಿಯ ಮೇಜಿಗೇ ಹಾಳೆಗಳನ್ನು ತಂದಿಡುತ್ತಾರೆ. ಡ್ಯೂರರ್, ಮೈಕೆಲೇಂಜೆಲೊ, ರೆಂಬ್ರಾಂಟ್! ಶಾಯಿ ಎಲ್ಲಿ ದಪ್ಪವಾಯಿತು, ಕೈ ಎಲ್ಲಿ ತಡೆಯಿತು, ಎಲ್ಲ ಕಾಣುತ್ತದೆ.

ಆ ರೆಂಬ್ರಾಂಟನ ಹಾಳೆಗಳಲ್ಲೊಂದನ್ನು ನೋಡಬೇಕು ನೀವು. ಮರದಡಿ ಕುಳಿತ ನಾಲ್ವರು ಗಡ್ಡದ ಹಿರಿಯರು. ಅದು ಮೊಘಲ್ ಕಿರುಚಿತ್ರವೊಂದರ ನಕಲು! ರೆಂಬ್ರಾಂಟ್ ಭಾರತಕ್ಕೆ ಬಂದವನಲ್ಲ. 1656ರಲ್ಲಿ ದಿವಾಳಿಯೆದ್ದು ಅವನ ಮನೆಯ ಸಾಮಾನೆಲ್ಲ ಹರಾಜಿಗೆ ಬಂತು. ಸರಿಸುಮಾರು ಆ ವರ್ಷಗಳಲ್ಲೇ, ಐವತ್ತರ ಆಸುಪಾಸಿನಲ್ಲಿದ್ದ ಆ ಮಹಾಶಯ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂತು, ಏಷ್ಯಾದ ಕಾಗದದ ಮೇಲೆ, ನಮ್ಮ ನೆಲದ ಹೆಸರಿಲ್ಲದ ಕಲಾವಿದರ ಗೆರೆಗಳನ್ನು ತಿದ್ದುತ್ತಿದ್ದ, ಮೊದಲ ದಿನ ಸ್ಲೇಟು ಹಿಡಿದ ಮಗುವಿನ ಹಾಗೆ! ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚು ಇಂಥ ನಕಲುಗಳು ಉಳಿದಿವೆ. ಈ ಮರದಡಿಯ ಗುಂಪಿನ ಮೂಲ ಕಿರುಚಿತ್ರ ಈಗ ವಿಯೆನ್ನಾದ ಷೋನ್‌ಬ್ರುನ್ ಅರಮನೆಯಲ್ಲಿದೆ. ನಕಲು ಮಾಡುವುದು ಕಲಾವಿದನಿಗೆ ಅವಮಾನ ಎಂದುಕೊಂಡ ಎಳೆಯರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ತರಗತಿಯಲ್ಲೂ ಸಿಗದು.

ಇನ್ನೂ ಹೊಸದೊಂದಿದೆ. 2025ರ ಮೇ 31ರಂದು ಪೂರ್ವ ಲಂಡನ್ನಿನಲ್ಲಿ ‘ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್’ ತೆರೆಯಿತು: ಎರಡೂವರೆ ಲಕ್ಷ ವಸ್ತುಗಳ ಉಗ್ರಾಣವೇ ಸಾರ್ವಜನಿಕರ ಪಾಲಿಗೆ! ಎರಡು ವಾರ ಮೊದಲು ತಿಳಿಸಿದರೆ, ನೀವು ಆರಿಸಿದ ಐದು ವಸ್ತುಗಳವರೆಗೆ ನಿಮ್ಮೆದುರು ತಂದಿಡುತ್ತಾರೆ. ಪದವಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ.

ನಿಮ್ಮ ಮನೆಯಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರಿದ್ದು, ಓದಿಗೋ ನೆಂಟರ ಮನೆಗೋ ಲಂಡನ್ನಿಗೆ ಹೊರಟಿದ್ದರೆ, ಟಿಕೆಟ್ಟು ಕೊಂಡ ದಿನವೇ ಬ್ರಿಟಿಷ್ ಮ್ಯೂಸಿಯಮ್ಮಿನ ಆ ಅಧ್ಯಯನ ಕೊಠಡಿಗೆ ಬರೆದು ಸಮಯ ಕೇಳಲು ಹೇಳಿ. ರೆಂಬ್ರಾಂಟನ ಮೊಘಲ್ ಹಾಳೆ ನೋಡಬೇಕೆಂದು ಹೆಸರು ಹಿಡಿದೇ ಕೇಳಲಿ.