ಎಸ್‌ಟಿಡಿ ಬೂತಿನ ವಾರಸುದಾರ

ನಂಜನಗೂಡಿನ ತೇರಿನ ಬೀದಿಯಲ್ಲಿ ನಿಂತು ಮೊಬೈಲಿನಲ್ಲಿ ವೈ-ಫೈ ಪಟ್ಟಿ ತೆರೆದರೆ ಹೆಸರುಗಳಿಗೇನೂ ಬರವಿರುವುದಿಲ್ಲ: ಅಂಗಡಿಯದು, ಮಹಡಿ ಮನೆಯದು, ಲಾಡ್ಜಿನದು. ಒಂದೊಂದರ ಪಕ್ಕದಲ್ಲೂ ಬೀಗದ ಗುರುತು. ಇದನ್ನು ಜಿಪುಣತನ ಎನ್ನುವಂತಿಲ್ಲ. 2005ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಫಾನ್ ಕಂಪನಿ ಒಂದು ಮುಯ್ಯಿಯ ಲೆಕ್ಕ ಹೂಡಿತು: ನಿಮ್ಮ ಮನೆಯ ವೈ-ಫೈಯನ್ನು ದಾರಿಹೋಕರಿಗೆ ಕೊಡಿ, ಪರ ಊರಿನಲ್ಲಿ ಉಳಿದ ಸದಸ್ಯರದನ್ನು ನೀವು ಬಳಸಿ. ಯುರೋಪಿನಲ್ಲಿ ಅದು ನಡೆಯಿತು. ನಮ್ಮಲ್ಲಾದರೋ 2008ರ ಜುಲೈನಲ್ಲಿ, ಅಹಮದಾಬಾದ್ ಸ್ಫೋಟಕ್ಕೆ ಮುನ್ನ ಹೋದ ಬೆದರಿಕೆಯ ಇ-ಮೇಲ್ ನವಿ ಮುಂಬಯಿಯ ಮನೆಯೊಂದರ ವೈ-ಫೈ ಮೂಲಕ ಹೊರಟಿತ್ತು. ಮರುವರ್ಷವೇ ದೂರಸಂಪರ್ಕ ಇಲಾಖೆ ವೈ-ಫೈಗೆ ಭದ್ರತೆಯ ನಿಯಮ ತಂದಿತು. ಯಾರೋ ಮಾಡಿದ್ದಕ್ಕೆ ಮನೆಯವರು ಪೊಲೀಸರಿಗೆ ಉತ್ತರ ಹೇಳಬೇಕೆಂದರೆ ಬೀಗ ಹಾಕದೆ ಇನ್ನೇನು ಮಾಡಿಯಾರು? ಹಾಗಾಗಿ ಲೋಕದ ಪಾಸ್‌ವರ್ಡುಗಳನ್ನೆಲ್ಲ ಕೂಡಿಟ್ಟು ನಕ್ಷೆ ಮಾಡುವ ಆ್ಯಪ್‌ಗಳು ಇಲ್ಲಿ ಸರಿಯಾದ ದಾರಿಯಲ್ಲ. ಮನೆ ಯಜಮಾನನ ಅಪ್ಪಣೆಯಿಲ್ಲದೆ ಇನ್ನೊಬ್ಬರು ಹಂಚಿದ ಬೀಗದಕೈ ಅದು.

ಭಾರತಕ್ಕೆ ಒಗ್ಗುವ ಹಂಚಿಕೆಯ ಮಾದರಿ ನಮ್ಮಲ್ಲೇ ಇತ್ತು, ಕಾಸು ಕೊಟ್ಟು ದೂರದೂರಿಗೆ ಫೋನ್ ಮಾಡುವ ಎಸ್‌ಟಿಡಿ ಬೂತಿನ ರೂಪದಲ್ಲಿ. 2020ರ ಡಿಸೆಂಬರ್‌ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಅದನ್ನೇ ಎತ್ತಿಕೊಂಡಿತು. ಬೂತಿನ ಪಿಸಿಒ (ಪಬ್ಲಿಕ್ ಕಾಲ್ ಆಫೀಸ್) ಹೋಗಿ ಪಿಡಿಒ, ಅಂದರೆ ಪಬ್ಲಿಕ್ ಡೇಟಾ ಆಫೀಸ್ ಬಂತು. (ನಮ್ಮ ಪಂಚಾಯಿತಿಯ ಪಿಡಿಒಗೂ ಇದಕ್ಕೂ ಸಂಬಂಧವಿಲ್ಲ.) ಕಿರಾಣಿ ಅಂಗಡಿಯವರೋ ಜೆರಾಕ್ಸ್‌ನವರೋ ಲೈಸೆನ್ಸಿಲ್ಲದೆ, ಶುಲ್ಕ ಕಟ್ಟದೆ ವೈ-ಫೈ ಮಾರಬಹುದು. ಗಿರಾಕಿ ಒಂದು ಆ್ಯಪ್ ಹಾಕಿಕೊಂಡರೆ ಹತ್ತಿರದ ನೋಂದಾಯಿತ ಕೇಂದ್ರಗಳು ಕಾಣುತ್ತವೆ. ಒಟಿಪಿ ಕೊಟ್ಟರೆ ಬಾಗಿಲು ತೆರೆಯುತ್ತದೆ. ಬಳಸಿದವರು ಯಾರೆಂಬ ದಾಖಲೆ ಉಳಿಯುವುದರಿಂದ 2008ರ ಭಯಕ್ಕೂ ಉತ್ತರ ಸಿಕ್ಕಿತು. ಕೇಂದ್ರಗಳ ಪಟ್ಟಿಯನ್ನು ಸರ್ಕಾರದ ಸಿ-ಡಾಟ್ ಸಂಸ್ಥೆ ಇಟ್ಟುಕೊಳ್ಳುತ್ತದೆ. ಪರಿಚಿತ ಹೆಸರಿಟ್ಟುಕೊಂಡ ನಕಲಿ ವೈ-ಫೈಗೆ ಮೋಸಹೋಗದಿರಲು ಆ ಪಟ್ಟಿಯೇ ನೆರವು. ಆದರೂ ಬ್ಯಾಂಕಿನ ವ್ಯವಹಾರವನ್ನು ಸ್ವಂತ ಡೇಟಾದಲ್ಲೇ ಮಾಡುವುದು ಲೇಸು.

2016ರಿಂದ ಮೊಬೈಲ್ ಡೇಟಾ ಇಷ್ಟು ಅಗ್ಗವಾಗಿರುವಾಗ ಈ ಉಸಾಬರಿ ಯಾಕೆ ಎಂದು ಕೇಳಬಹುದು. ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಪಂಚರಥಗಳು ಹೊರಟಾಗ, ಅಥವಾ ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನೆರೆದಾಗ ಈ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಒಂದೇ ಟವರಿಗೆ ಸಾವಿರಾರು ಫೋನು ಜೋತುಬಿದ್ದರೆ ಸಿಗ್ನಲ್ ಗೀಟು ತುಂಬಿದ್ದರೂ ಫೋಟೊ ಹೋಗುವುದಿಲ್ಲ. ಅಂಗಡಿಯ ವೈ-ಫೈ ಮೂವತ್ತು ನಲವತ್ತು ಮೀಟರಿನಾಚೆ ತಲುಪದಿರುವುದು ಇಲ್ಲಿ ಗುಣವೇ ಆಗುತ್ತದೆ, ಒಂದೊಂದು ಅಂಗಡಿಯ ಫೈಬರ್ ತನ್ನ ಸುತ್ತಲಿನವರನ್ನಷ್ಟೇ ಹೊರುತ್ತದೆ. ಜಾತ್ರೆಯಿಲ್ಲದ ದಿನಗಳಲ್ಲೂ ಸಿಮ್ ಇಲ್ಲದ ಹಳೆಯ ಟ್ಯಾಬ್‌ನಲ್ಲಿ ಪಾಠ ಇಳಿಸಿಕೊಳ್ಳುವ ಮಕ್ಕಳಿದ್ದಾರೆ, ಮಧ್ಯಾಹ್ನಕ್ಕೇ ದಿನದ ಡೇಟಾ ಮುಗಿದವರಿದ್ದಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2017ರ ಪ್ರಯೋಗದಲ್ಲಿ 2 ರೂಪಾಯಿಯಿಂದ 20 ರೂಪಾಯಿವರೆಗಿನ ಪೊಟ್ಟಣದ ಲೆಕ್ಕದಲ್ಲಿ ಡೇಟಾ ಮಾರಿದ್ದು ಇಂಥವರನ್ನು ನೆನೆದೇ.

ಪುಕ್ಕಟೆಯಾಗಿಯೇ ಕೊಡಬಹುದಿತ್ತಲ್ಲ? ಗೂಗಲ್ 2016ರಿಂದ ರೈಲ್ವೆಯ ರೈಲ್‌ಟೆಲ್ ಸಂಸ್ಥೆಯ ಜೊತೆ 400ಕ್ಕೂ ಹೆಚ್ಚು ರೈಲು ನಿಲ್ದಾಣಗಳಲ್ಲಿ ಹಾಗೆ ಕೊಟ್ಟು, 2020ರಲ್ಲಿ ಹಿಂದೆ ಸರಿಯಿತು. ರೈಲೇ ಇಲ್ಲದ ತಿ. ನರಸೀಪುರಕ್ಕೆ ನಿಲ್ದಾಣದ ವೈ-ಫೈ ಬರುವ ಮಾತೇ ಇರಲಿಲ್ಲ. ಹಾಗೆಂದು ಬೂತಿನ ದಾರಿಯೂ ಸಲೀಸಾಗಿರಲಿಲ್ಲ. 2022ರೊಳಗೆ ಒಂದು ಕೋಟಿ ಹಾಟ್‌ಸ್ಪಾಟ್ ಎಂಬ 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯ ಗುರಿ ಮುಟ್ಟಲೇ ಇಲ್ಲ. ಚಿಲ್ಲರೆ ಅಂಗಡಿಗೆ ದುಬಾರಿ ಲೀಸ್ಡ್ ಲೈನ್ ಹಾಕಿಸಿಕೊಳ್ಳಿ ಎಂದು ದೂರಸಂಪರ್ಕ ಕಂಪನಿಗಳು ಹೇಳಿದರೆ ಐದು ಹತ್ತು ರೂಪಾಯಿಯ ಚೀಟಿ ಮಾರಿ ಅಸಲೂ ಹುಟ್ಟುವುದಿಲ್ಲ. 2025ರ ಜೂನ್‌ನಲ್ಲಿ ಟ್ರಾಯ್ ಇದಕ್ಕೆ ಮಿತಿ ಹಾಕಿ, 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆಬಳಕೆಯ ದರದ ಎರಡರಷ್ಟಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದಿತು. ಇನ್ನುಳಿದದ್ದು ಬೋರ್ಡಿನ ಮಾತು. ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಬಸ್ಸಿನೊಳಗಿಂದಲೇ ಕಾಣುತ್ತಿತ್ತು, ಅದನ್ನು ಹುಡುಕಲು ಯಾರಿಗೂ ಆ್ಯಪ್ ಬೇಕಿರಲಿಲ್ಲ.