ಗೂಡ್ಸ್ ಗಾಡಿ ಹೊರಡುವ ಮುನ್ನ

ಪ್ರಶ್ನೆ: ಗೂಡ್ಸ್ ಗಾಡಿಯ ಚಾಲಕರು ಬಂದವರೇ ಇಂಜಿನ್ ಹತ್ತಿ ಹೊರಟುಬಿಡುತ್ತಾರೆಯೇ?

ಉತ್ತರ: ಇಲ್ಲ. ಮೊದಲು ಲಾಬಿಯಲ್ಲಿ, ಅಂದರೆ ಸಿಬ್ಬಂದಿ ಕೆಲಸಕ್ಕೆ ವರದಿ ಮಾಡುವ ಕಚೇರಿಯಲ್ಲಿ ಹಾಜರಿ, ಮದ್ಯ ಕುಡಿದಿಲ್ಲವೆಂದು ತೋರಿಸಲು ಉಸಿರಿನ ಪರೀಕ್ಷೆ. ಆಮೇಲೆ ಕಾಶನ್ ಆರ್ಡರ್, ಅಂದರೆ ದಾರಿಯಲ್ಲಿ ಎಲ್ಲೆಲ್ಲಿ ವೇಗ ತಗ್ಗಿಸಬೇಕೆಂಬ ಪಟ್ಟಿ.

ಅಸಲಿ ಕೆಲಸ ಬ್ರೇಕಿನದು. ಇಂಜಿನ್ನಿನ ಬಳಿ ಬ್ರೇಕ್ ಪೈಪಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 5 ಕೆ.ಜಿ.ಗೆ ಏರಬೇಕು. ಗಾಡಿಯ ಕೊನೆಯ ಬ್ರೇಕ್‌ವ್ಯಾನಿನಲ್ಲಿ ಗಾರ್ಡ್ (2022ರಿಂದ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್, ಜನರ ಬಾಯಲ್ಲಿ ಇನ್ನೂ ಗಾರ್ಡೇ) ವಾಲ್ವ್ ತೆರೆದು ಗಾಳಿ ಬಿಟ್ಟರೆ, ಮುಂದೆ ಲೋಕೊ ಪೈಲಟ್ (ಚಾಲಕ) ಎದುರಿನ ಗೇಜಿನ ಮುಳ್ಳು ಇಳಿಯಬೇಕು. ಇಳಿಯದಿದ್ದರೆ ನಡುವೆ ಎಲ್ಲೋ ಗಾಳಿಗೆ ತಡೆಯಿದೆ, ಗಾಡಿ ಕದಲಿಸುವಂತಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ 50 ಅಡಿಗೆ ಒಂದಡಿ ಇಳಿಯುವ ಘಾಟಿಯಲ್ಲಂತೂ ಇದರಲ್ಲಿ ರಾಜಿಯೇ ಇಲ್ಲ.

ಎಲ್ಲ ಮುಗಿದರೂ ಸಿಗ್ನಲ್ ಸಿಗಬೇಕಲ್ಲ! ಎಕ್ಸ್‌ಪ್ರೆಸ್‌ಗಳಿಗೆ ದಾರಿ ಬಿಟ್ಟು ಗಂಟೆಗಟ್ಟಲೆ ಕಾಯುವುದೂ ಉಂಟು.