ಪಾದಕ್ಕೆ ಗಾಲಿ ಕಟ್ಟಿದ ಮೇಲೆ

ಗಂಡಸಿ, ಅರಸೀಕೆರೆ ಸೀಮೆಯವರಿಗೆ ಬೇಲೂರಿನ ಚೆನ್ನಕೇಶವನ ತೇರು ಹೊಸದಲ್ಲ. ಅಷ್ಟು ಜನರ ನಡುವೆ ಆ ಭಾರೀ ಗಾಲಿಗಳು ಉರುಳುವುದಾದರೂ ಹೇಗೆ? ಮುಂದೆ ವಾದ್ಯದ ಸದ್ದು, ಹಗ್ಗಕ್ಕೆ ನೂರಾರು ಕೈ, ಗಾಲಿಗೆ ಮರದ ತುಂಡು ಒಡ್ಡಿ ತಡೆಯುವವರು. ಗುಂಪಿನಲ್ಲಿ ಗಾಲಿಯನ್ನು ಓಡಿಸುವುದಕ್ಕಿಂತ ನಿಲ್ಲಿಸುವುದೇ ದೊಡ್ಡ ವಿದ್ಯೆ.

ಪಾದಕ್ಕೆ ಗಾಲಿ ಕಟ್ಟಿದವರು ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. 18ನೇ ಶತಮಾನದಲ್ಲಿ, ಈಗಿನ ಬೆಲ್ಜಿಯಂ ನೆಲದ ಜೋಸೆಫ್ ಮರ್ಲಿನ್ ಲಂಡನ್ನಿನ ಸಂತೋಷಕೂಟವೊಂದಕ್ಕೆ ಗಾಲಿಪಾದುಕೆ ತೊಟ್ಟು, ಪಿಟೀಲು ನುಡಿಸುತ್ತ ಬಂದನಂತೆ. ನಿಲ್ಲಲೂ ತಿರುಗಲೂ ಆಗದೆ 500 ಪೌಂಡ್ ಬೆಲೆಯ ಕನ್ನಡಿಗೆ ಢಿಕ್ಕಿ ಹೊಡೆದನಂತೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್, ಮೈ ವಾಲಿದತ್ತ ತಿರುಗುವ ನಾಲ್ಕು ಗಾಲಿಯ ಸ್ಕೇಟ್ ರೂಪಿಸಿದ.

2000ದ ಸುಮಾರಿಗೆ ಅಮೆರಿಕದಲ್ಲೇ ಬಂದ ‘ಹೀಲೀಸ್’ ಶೂಗಳಲ್ಲಿ ಗಾಲಿ ಹಿಮ್ಮಡಿಯೊಳಗೆ ಅಡಗಿತು. ಮುಂಗಾಲೂರಿದರೆ ನಡಿಗೆ, ಹಿಮ್ಮಡಿಗೆ ಭಾರ ಬಿಟ್ಟರೆ ಸವಾರಿ. ತೊಡಕೂ ಅಲ್ಲೇ. ನಡೆಯುತ್ತಿದ್ದ ಮಗು ಯಾವ ಸೂಚನೆಯೂ ಇಲ್ಲದೆ ಜಾರತೊಡಗುತ್ತದೆ. ಆಯ ತಪ್ಪಿದರೆ ಕೈಯೂರಿ ಬೀಳುತ್ತದೆ. 2006ರ ಬೇಸಿಗೆಯ ಹತ್ತು ವಾರಗಳಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಒಂದೇ ಮಕ್ಕಳ ಆಸ್ಪತ್ರೆಗೆ ಇಂಥ ಗಾಲಿಯಾಟದ ಗಾಯದಿಂದ 67 ಮಕ್ಕಳು ಬಂದರು. ಪೆಟ್ಟು ಬಿದ್ದದ್ದು ಹೆಚ್ಚಾಗಿ ಕೈಗೇ.

ಹಾಗೆಂದು ಆಟವೇ ಬೇಡವೆನ್ನಬೇಕಿಲ್ಲ. ಹೆಲ್ಮೆಟ್, ಮಣಿಕಟ್ಟಿನ ಕವಚ ತೊಟ್ಟು ಬಯಲಿನಲ್ಲಿ ಆಡಲಿ. ಸಂತೆ, ಜಾತ್ರೆ, ಬಸ್‌ನಿಲ್ದಾಣದಲ್ಲಿ ಕೋಲೂರಿ ಬರುವ ಅಜ್ಜಿಗೆ ಮಾತ್ರ ಪಕ್ಕಕ್ಕೆ ಸರಿಯಲು ಪುರುಸೊತ್ತಿರುವುದಿಲ್ಲ. ಈ ಶೂಗಳ ಗಾಲಿಯನ್ನು ಕಳಚಬಹುದು. ಮನೆ ಬಿಡುವ ಮುನ್ನ ಹಿರಿಯರು ಅಷ್ಟು ಮಾಡಿದರೆ ಸಾಕು.